ನೆರವಿಗೆ ಅಂಟಿಸಿದ ಕಳಂಕ

ಮಳೆಗೆ ಗೋಡೆ ಬಿದ್ದ ಮನೆಯ ಮುಂದೆ ಚರ್ಚಿನವರು ಒಂದು ಮೂಟೆ ಅಕ್ಕಿ ಇಳಿಸಿದರೆ ನಮ್ಮ ಸೀಮೆಯಲ್ಲಿ ಮೊದಲು ಹುಟ್ಟುವ ಮಾತು ‘ಗಾಳ ಹಾಕ್ತಾವ್ರೆ’ ಎನ್ನುವುದು. ಟೀ ಅಂಗಡಿಯ ಹರಟೆಯಲ್ಲೇ ಅದು ನಿಂತಿದ್ದರೆ ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ. ಅದು ಪಂಚಾಯಿತಿ ಕಟ್ಟೆ ಹತ್ತಿತು, ತಾಲ್ಲೂಕು ಕಚೇರಿ ಹೊಕ್ಕಿತು, ಕೊನೆಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಸೂದೆಯೇ ಆಯಿತು. ಓದಿಕೊಂಡವರು, ಯಾರ ಮೇಲೂ ಕೈ ಎತ್ತದ ಸಭ್ಯರು ಕೂಡ ‘ಸುಮ್ಮನೆ ಯಾರು ಕೊಡ್ತಾರೆ ಹೇಳಿ’ ಎಂದು ತಲೆಯಾಡಿಸುತ್ತಾರೆ. ನನ್ನ ಜಗಳ ಈ ತಲೆಯಾಡಿಸುವಿಕೆಯ ಜೊತೆ. ಈ ನಂಬಿಕೆ ಸುಳ್ಳು. ಮನೆ ಕಳೆದುಕೊಂಡವರಿಗೆ ಮಳೆ ಮಾಡಿದ ಅನ್ಯಾಯದ ಮೇಲೆ ನಾವು ಮಾಡುವ ಇನ್ನೊಂದು ಅನ್ಯಾಯ.

2021ರ ನವೆಂಬರನ್ನು ನೆನಪಿಸಿಕೊಳ್ಳಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 19ರ ಬೆಳಗಿನ ಜಾವ ಪುದುಚೇರಿ ಮತ್ತು ಚೆನ್ನೈ ನಡುವೆ ದಡ ದಾಟಿತು. ಹೆಸರಿಟ್ಟು ಕರೆಯುವಷ್ಟು ದೊಡ್ಡ ಚಂಡಮಾರುತ ಕೂಡ ಅಲ್ಲ ಅದು. ಆದರೂ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳನ್ನು ಅದು ಮುಳುಗಿಸಿ ಹೋಯಿತು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯದು ಆಂಧ್ರದ ಗಡಿಗೆ ಹತ್ತಿರದ ನೆಲ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ವರ್ಷವಿಡೀ ಹರಿಯುವ ಹೊಳೆಯಿಲ್ಲ, ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರು ಸಿಗುವ ಭರವಸೆಯಿಲ್ಲ. ಮಳೆಗೆ ಕಾದು ಕಾದು ರೂಢಿಯಾದ ಜನರಿಗೆ ಮಳೆಯಿಂದ ತಪ್ಪಿಸಿಕೊಳ್ಳುವ ರೂಢಿ ಎಲ್ಲಿಂದ ಬರಬೇಕು? ಎಷ್ಟೋ ವರ್ಷ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಟೊಮೆಟೊ ಗಿಡದಲ್ಲೇ ಕೊಳೆಯಿತು. ಹಳೆಯ ಮಣ್ಣಿನ ಗೋಡೆಗಳ ಕಥೆಯೇ ಬೇರೆ: ಮಳೆ ಸುರಿಯುವಾಗ ನಿಂತಿರುತ್ತವೆ, ನೀರು ಕುಡಿದು ಕುಡಿದು ಬಿಸಿಲು ಬಂದ ಮೇಲೆ ಬೀಳುತ್ತವೆ. ಊರೆಲ್ಲ ‘ಸದ್ಯ ಮಳೆ ನಿಂತಿತು’ ಎಂದು ಉಸಿರುಬಿಟ್ಟ ಮೇಲೆ ಬಡವನ ಮನೆ ಕುಸಿಯುತ್ತದೆ. ಅದೇ ಮಳೆಗೆ ಕೆಳಗಿನ ಕಡಪ ಜಿಲ್ಲೆಯಲ್ಲಿ ಅನ್ನಮಯ್ಯ ಅಣೆಕಟ್ಟು ಒಡೆಯಿತು, ನಮ್ಮ ಬೆಟ್ಟಗಳಲ್ಲಿ ಹುಟ್ಟಿ ಅತ್ತ ಹರಿಯುವ ಪಾಪಾಗ್ನಿಯ ಮೇಲಿನ ಕಮಲಾಪುರಂ ಸೇತುವೆ ಬಿತ್ತು.

ಸರ್ಕಾರ ಕೈಕಟ್ಟಿ ಕೂತಿತ್ತು ಎಂದು ನಾನು ಹೇಳುವುದಿಲ್ಲ. ಮುಖ್ಯಮಂತ್ರಿ ಬಂದು ನೋಡಿದರು. ಡಿಸೆಂಬರಿನಲ್ಲಿ ಬೆಳೆ ಪರಿಹಾರ ಏರಿತು: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ಇದ್ದದ್ದು 13,600 ರೂಪಾಯಿ ಆಯಿತು, ನೀರಾವರಿ ಬೆಳೆಗೆ 25,000, ತೋಟಗಾರಿಕೆಗೆ 28,000. ಪೂರ್ತಿ ಬಿದ್ದ ಮನೆಗೆ ಆಗ 5 ಲಕ್ಷ, ಅರೆಬರೆ ಬಿದ್ದದ್ದಕ್ಕೆ ಅದಕ್ಕಿಂತ ಕಡಿಮೆ. ಆದರೆ ಈ ಹಣ ಯಾವ ದಾರಿಯಲ್ಲಿ ನಡೆದು ಬರುತ್ತದೆ ಎಂದು ಬಿದ್ದ ಮನೆಯವರನ್ನು ಕೇಳಬೇಕು. ಗ್ರಾಮ ಆಡಳಿತ ಅಧಿಕಾರಿ ಬರಬೇಕು, ಎಂಜಿನಿಯರ್ ಬರಬೇಕು, ಮಹಜರು ಆಗಬೇಕು, ಹಾನಿ ಎಷ್ಟು ಶೇಕಡಾ ಎಂದು ನಿರ್ಧಾರವಾಗಬೇಕು, ಫೋಟೊ ಕಂಪ್ಯೂಟರಿಗೆ ಏರಬೇಕು. ಆಮೇಲೆ ತಳಪಾಯಕ್ಕೊಂದು ಕಂತು, ಗೋಡೆಗೊಂದು ಕಂತು, ಚಾವಣಿಗೊಂದು ಕಂತು. ಗುತ್ತಿಗೆಗೆ ಉಳುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಬೆಳೆ ಪರಿಹಾರ ಜಮೀನಿನ ಒಡೆಯನ ಖಾತೆಗೆ ಹೋಗುತ್ತದೆ. ಕೂಲಿಗೆ ಹೋಗುವವಳಿಗೆ ಹದಿನೈದು ದಿನ ಕೆಲಸ ತಪ್ಪಿದ್ದನ್ನು ಯಾವ ನಮೂನೆಯಲ್ಲೂ ಬರೆಯಲು ಜಾಗವಿಲ್ಲ. ಇದರಲ್ಲಿ ಯಾವ ಅಧಿಕಾರಿಯ ದುಷ್ಟತನವೂ ಇಲ್ಲ. ಕಾಗದ ನಡೆಯುವ ವೇಗವೇ ಅಷ್ಟು.

ಗೋಡೆ ಬಿದ್ದ ರಾತ್ರಿಗೂ ಮೊದಲ ಕಂತಿಗೂ ನಡುವೆ ಇರುವ ದಿನಗಳಲ್ಲಿ ಯಾರು ಏನು ಮಾಡಿದರು ಎನ್ನುವುದೇ ಈ ಲೇಖನದ ವಿಷಯ. ನಮ್ಮ ತಾಲ್ಲೂಕುಗಳ ಸಣ್ಣ ಸಣ್ಣ ಕ್ರೈಸ್ತ ಸಭೆಗಳನ್ನು ನೋಡದವರು ಚರ್ಚು ಎಂದ ಕೂಡಲೇ ಗಂಟೆ ಗೋಪುರ, ವಿದೇಶಿ ಹಣ, ಬಿಳಿಯ ಕಾರು ಎಂದು ಊಹಿಸಿಕೊಳ್ಳುತ್ತಾರೆ. ಹಳ್ಳಿಯ ಸಭೆಯೆಂದರೆ ಹೆಚ್ಚಾಗಿ ಒಂದು ಶೀಟು ಹೊದಿಸಿದ ಕೋಣೆ. ಕೂರುವವರು ಟೊಮೆಟೊ ಕೀಳುವವರು, ರೇಷ್ಮೆ ನೂಲು ತೆಗೆಯುವ ಕಡೆ ದುಡಿಯುವವರು, ಗಾರೆ ಕೆಲಸದವರು. ಕಾಣಿಕೆ ತಟ್ಟೆಗೆ ಬೀಳುವುದು ಹತ್ತು ಇಪ್ಪತ್ತರ ನೋಟು. ಅವರಲ್ಲಿರುವ ಒಂದೇ ದೊಡ್ಡ ಆಸ್ತಿಯೆಂದರೆ ಪ್ರತಿ ಭಾನುವಾರ ಒಂದೆಡೆ ಸೇರುತ್ತಾರೆ ಎನ್ನುವುದು. ಹಾಗೆ ಸೇರುವುದರಿಂದ ಈ ವಾರ ಯಾರು ಬರಲಿಲ್ಲ ಎಂದು ತಿಳಿಯುತ್ತದೆ. ಯಾಕೆ ಬರಲಿಲ್ಲ ಎಂದು ಸಂಜೆಯೊಳಗೆ ಒಬ್ಬರು ಹೋಗಿ ಕೇಳುತ್ತಾರೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಅಜ್ಜನಿಗೆ ಮಾತ್ರೆ ಮುಗಿದಿದೆ, ಯಾರು ಕಷ್ಟವನ್ನು ಬಾಯಿಬಿಟ್ಟು ಹೇಳದ ಸ್ವಾಭಿಮಾನಿ ಎನ್ನುವ ಲೆಕ್ಕ ಅಲ್ಲಿ ಯಾವ ಪುಸ್ತಕವೂ ಇಲ್ಲದೆ ಇರುತ್ತದೆ. ಗಾರೆಯವನು ಒಂದು ದಿನದ ಕೂಲಿ ಬಿಟ್ಟು ಗೋಡೆ ಎತ್ತಿಕೊಟ್ಟರೆ, ಆ ಮನೆಯ ಹೆಂಗಸು ಅವನ ಹೊಲದಲ್ಲಿ ಕಳೆ ಕೀಳುತ್ತಾಳೆ. ಊರಿನ ರೈತರು ತಲೆತಲಾಂತರದಿಂದ ಮುಯ್ಯಾಳು ಮಾಡಿಕೊಂಡು ಬಂದದ್ದು ಇದನ್ನೇ. ಕೂಲಿ ಲೆಕ್ಕ ಬಂದು ಮುಯ್ಯಾಳು ಊರಲ್ಲಿ ಸವೆದುಹೋದ ಮೇಲೂ ಈ ಕೋಣೆಗಳಲ್ಲಿ ಅದು ಬದುಕಿದೆ.

ಇದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. 2017ರ ನವೆಂಬರ್ 30ರಂದು ಒಖಿ ಚಂಡಮಾರುತ ಕೇರಳದ ದಕ್ಷಿಣ ತೀರದ ಮೀನುಗಾರರನ್ನು ಕಡಲಲ್ಲೇ ಹಿಡಿಯಿತು. ಎಷ್ಟು ಜನ ಹಿಂದಿರುಗಿಲ್ಲ ಎಂಬುದಕ್ಕೆ ಸರ್ಕಾರದ ಲೆಕ್ಕ ಒಂದಿತ್ತು, ತಿರುವನಂತಪುರದ ಲ್ಯಾಟಿನ್ ಮಹಾಧರ್ಮಪ್ರಾಂತ್ಯದ ಲೆಕ್ಕ ಇನ್ನೊಂದಿತ್ತು. ಚರ್ಚಿನ ಸಂಖ್ಯೆ ದೊಡ್ಡದು. ಯಾಕೆಂದರೆ ಪೂಂತುರ, ವಿಳಿಂಜಂ ಮುಂತಾದ ಕಡೆಯ ಧರ್ಮಕೇಂದ್ರಗಳಲ್ಲಿ ಮನೆಮನೆಯ ಹೆಸರು ಹಿಡಿದು ಪಟ್ಟಿ ಮಾಡಿದ್ದರು. ಒಬ್ಬ ಮೀನುಗಾರ ನೋಂದಣಿಯಿಲ್ಲದ ದೋಣಿಯಲ್ಲಿ ಹೋಗಿದ್ದರೆ ಇಲಾಖೆಗೆ ಅವನು ಹೋದದ್ದೇ ಗೊತ್ತಿರುವುದಿಲ್ಲ, ಅವನ ಜೊತೆ ಪೂಜೆಗೆ ಕೂರುವವನಿಗೆ ಗೊತ್ತಿರುತ್ತದೆ. ಹೆಣ ಸಿಗದ ಮನೆಗೆ ಅನ್ನ ಒಯ್ದವರು, ಹೆಸರು ಪಟ್ಟಿಗೆ ಸೇರಿಸಿ ಎಂದು ಕಚೇರಿಯೆದುರು ಕೂತವರು ಅದೇ ಬೀದಿಯವರು. ಒಂಬತ್ತು ತಿಂಗಳು ತುಂಬುವ ಮೊದಲೇ, 2018ರ ಆಗಸ್ಟಿನಲ್ಲಿ, ಕೇರಳದ ಒಳನಾಡು ಮುಳುಗಿದಾಗ ಏನಾಯಿತು? ಆ ತೀರದ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದರು. ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ 669 ದೋಣಿ, 4,537 ಜನ, ಅವರು ಉಳಿಸಿದ ಜೀವ ಸುಮಾರು 65,000. ಅವರಲ್ಲಿ ಕ್ಯಾಥೊಲಿಕರಿದ್ದರು, ಮುಸ್ಲಿಮರಿದ್ದರು, ಹಿಂದೂ ಧೀವರರಿದ್ದರು. ನೀರಿನಲ್ಲಿ ಕೈ ಚಾಚಿದವನ ಜಾತಿ ಕೇಳಿ ದೋಣಿಗೆ ಹತ್ತಿಸಿಕೊಂಡರೆಂದು ಯಾರೂ ಹೇಳಿದ್ದಿಲ್ಲ. ಆ ದೋಣಿಯನ್ನು ಗಾಳ ಎನ್ನುವ ಎದೆಗಾರಿಕೆ ಯಾರಿಗಿದೆ?

ಇನ್ನೂ ದೂರದ ಒಂದು ಉದಾಹರಣೆ ಹೇಳುತ್ತೇನೆ, ಏಕೆಂದರೆ ಅದು ನನ್ನ ಮಾತಿಗೆ ಬೇಕೇ ಬೇಕು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ನಗರದ ಪೂರ್ವ ಅಂಚಿನಲ್ಲಿ, 1975ರ ನಂತರ ವಿಯೆಟ್ನಾಮಿನಿಂದ ಓಡಿಬಂದು ನೆಲೆಸಿದ ಬಡ ನಿರಾಶ್ರಿತರ ಕೇರಿಯೊಂದಿದೆ. ಅವರ ಚರ್ಚಿನ ಹೆಸರು ವಿಯೆಟ್ನಾಮಿನ ರಾಣಿ ಮೇರಿ. ಪಾದ್ರಿ ವಿಯೆನ್ ಅವರು ಚದುರಿಹೋದ ತಮ್ಮ ಜನರನ್ನು ಹುಡುಕಿಕೊಂಡು ಬೇರೆ ರಾಜ್ಯಗಳ ಆಶ್ರಯ ಶಿಬಿರಗಳಿಗೆ ಹೋದರು. ಅಕ್ಟೋಬರಿನಲ್ಲೇ ಜನ ಮರಳತೊಡಗಿದರು. ಒಬ್ಬರ ಮನೆಯ ಕೆಸರನ್ನು ಇನ್ನೊಬ್ಬರು ಬಳಿದರು, ಶೀಟು ಹೊದಿಸುವುದು ಗೊತ್ತಿದ್ದವನು ಊರಿಗೆಲ್ಲ ಹೊದಿಸಿದ. ಕೇರಿಗೆ ವಿದ್ಯುತ್ ಬೇಕೆಂದರೆ ಹಿಂದಿರುಗಿದ ಗಿರಾಕಿಗಳು ಇದ್ದಾರೆಂದು ತೋರಿಸಿ ಎಂದಿತು ಕಂಪನಿ. ಪಾದ್ರಿ ಐನೂರು ಹೆಸರುಗಳ ಪಟ್ಟಿ ಕೊಟ್ಟರು. ದೀಪ ಬಂತು. ಮರುವರ್ಷ ಅದೇ ಕೇರಿಯ ಪಕ್ಕದಲ್ಲಿ ಚಂಡಮಾರುತದ ಕಸ ಸುರಿಯಲು ನಗರಾಡಳಿತ ಹೊರಟಾಗ ಅದೇ ಜನ ಬೀದಿಗಿಳಿದು ಆ ಕಸದ ಗುಂಡಿಯನ್ನು ಮುಚ್ಚಿಸಿದರು. ಅವರಿಗಿಂತ ಹಣವಂತರಾದ ಬಡಾವಣೆಗಳು ಆಗ ಇನ್ನೂ ಖಾಲಿ ಬಿದ್ದಿದ್ದವು. ಚೇತರಿಕೆಯ ವೇಗ ಹಣದಿಂದಲೇ ನಿರ್ಧಾರವಾಗುತ್ತದೆ ಎಂದುಕೊಂಡಿದ್ದ ಅರ್ಥಶಾಸ್ತ್ರಜ್ಞರು ಈ ಕೇರಿಗೆ ಬಂದು ಕೂತು ಅಧ್ಯಯನ ಮಾಡಿದ್ದು ಅದಕ್ಕೇ.

ಈಗ ಆಪಾದನೆಯನ್ನೇ ಎತ್ತಿಕೊಳ್ಳೋಣ. ಮೊದಲನೆಯದಾಗಿ, ಸಭೆಯವರು ಸಭೆಯವರಿಗೇ ಮಾಡಿಕೊಳ್ಳುವ ನೆರವಿಗೆ ಆಮಿಷ ಎನ್ನುವುದರಲ್ಲಿ ಅರ್ಥವೇ ಇಲ್ಲ. ಒಳಗೆ ಇರುವವನನ್ನು ಒಳಗೆ ಎಳೆಯುವುದು ಹೇಗೆ? ಹೊರಗಿನವರಿಗೂ ಕೊಡುತ್ತಾರಲ್ಲ ಎನ್ನುತ್ತೀರಿ. ಹೌದು, ಕೊಡುತ್ತಾರೆ. ಪಕ್ಕದ ಮನೆಯ ಮಗು ಹಸಿದು ಅಳುವಾಗ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದರೆ ಆಗ ಮತಾಂಧರು ಎನ್ನುತ್ತಿದ್ದಿರಿ.

ಎರಡನೆಯದು, ಅಕ್ಕಿಯ ಆಸೆಗೆ ಬಡವ ಧರ್ಮ ಬದಲಿಸುತ್ತಾನೆ ಎನ್ನುವವರು ಬಡವನ ಲೆಕ್ಕಾಚಾರವನ್ನೂ ತಿಳಿದಿಲ್ಲ, ಕಾನೂನನ್ನೂ ಓದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಸ್ಥಾನವನ್ನೇ ಕಳೆದುಕೊಳ್ಳುತ್ತಾನೆ. ಮಕ್ಕಳ ಮೀಸಲಾತಿ, ವಿದ್ಯಾರ್ಥಿವೇತನ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಎಲ್ಲವನ್ನೂ ಒಂದು ಮೂಟೆ ಅಕ್ಕಿಗೆ ಮಾರುವಷ್ಟು ದಡ್ಡರೇ ನಮ್ಮ ಕೂಲಿಕಾರರು? ಲೆಕ್ಕ ಬೇಕಾದರೆ ಜನಗಣತಿ ನೋಡಿ: ಕರ್ನಾಟಕದಲ್ಲಿ ಕ್ರೈಸ್ತರು 2001ರಲ್ಲಿ ಶೇ 1.91, 2011ರಲ್ಲಿ ಶೇ 1.87. ಇಷ್ಟೆಲ್ಲ ಗಾಳ ಹಾಕಿದರೆಂಬ ಹತ್ತು ವರ್ಷಗಳಲ್ಲಿ ಪ್ರಮಾಣ ಇಳಿದಿದೆ.

ಇತಿಹಾಸ ಬಲ್ಲವರು ಇಲ್ಲಿ ಒಂದು ಗಟ್ಟಿ ಪ್ರಶ್ನೆ ಎತ್ತುತ್ತಾರೆ. 1876ರಿಂದ 78ರವರೆಗಿನ ಮಹಾ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಸತ್ತರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಅನಾಥ ಮಕ್ಕಳನ್ನು ಒಟ್ಟುಹಾಕಿ ಸಾಕಿದರು. 1890ರಲ್ಲಿ ಆ ಅನಾಥಾಲಯ ಮೆಥಡಿಸ್ಟ್ ಮಿಷನ್ನಿನ ಕೈ ಸೇರಿತು. ಅಲ್ಲಿ ಬೆಳೆದವರು ಕ್ರೈಸ್ತರಾಗಿಯೇ ಬೆಳೆದರಲ್ಲ, ಇದು ಬರದ ಬೆಳೆಯಲ್ಲವೇ ಎಂದು ಕೇಳುತ್ತಾರೆ. ನಿಜ, ಹಾಗೇ ಬೆಳೆದರು. ಅನಾಥ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯ ಇರಲಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಆ ಮಕ್ಕಳು ಯಾಕೆ ಅನಾಥರಾಗಿ ರಸ್ತೆಯಲ್ಲಿದ್ದರು, ಅವರನ್ನು ಎತ್ತಿಕೊಳ್ಳಲು ಬೇರೆ ಯಾರ ಬಾಗಿಲು ತೆರೆದಿತ್ತು ಎಂದು ಕೇಳದೆ ಎತ್ತಿಕೊಂಡವಳನ್ನು ಮಾತ್ರ ಕಟಕಟೆಗೆ ನಿಲ್ಲಿಸುವುದು ಯಾವ ನ್ಯಾಯ? ಅದೇ ಮಿಷನ್ನು 1910ರಲ್ಲಿ ಕೋಲಾರದಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ, ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ ನಾಲ್ಕೈದು ತಲೆಮಾರುಗಳ ಹಿಂದೂ, ಮುಸ್ಲಿಂ ತಾಯಂದಿರು ಹೆತ್ತಿದ್ದಾರೆ. ಹೆತ್ತು, ಮಗುವನ್ನೆತ್ತಿಕೊಂಡು, ಬಂದ ಧರ್ಮದಲ್ಲೇ ಮನೆಗೆ ಹೋಗಿದ್ದಾರೆ. ಈ ಲೇಖನ ಓದುವ ಎಷ್ಟೋ ಜನ ಹಾಗೆ ಹುಟ್ಟಿದವರೇ.

ನಮ್ಮದೇ ನೆಲದಲ್ಲಿ ಕೊಡುವ ಕೈಯನ್ನು ಇನ್ನು ಎಲ್ಲೆಲ್ಲಿ ಅನುಮಾನಿಸುತ್ತೇವೆ? ಕೆಂಚಾರ್ಲಹಳ್ಳಿಯಂತೆಯೇ ಚಿಂತಾಮಣಿ ತಾಲ್ಲೂಕಿಗೆ ಸೇರಿದ ಕೈವಾರದಲ್ಲಿ ನಾರೇಯಣ ತಾತಯ್ಯನವರ ಮಠದ ದಾಸೋಹವಿದೆ. ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಉಚಿತ. ಅಲ್ಲಿ ಉಂಡವರು ಯಾರೂ ಆಮಿಷಕ್ಕೆ ಬಲಿಯಾದರೆಂದು ನಾವು ಹೇಳುವುದಿಲ್ಲ, ಹೇಳಬಾರದು. ಅಲ್ಲಿಯ ಪಂಕ್ತಿಯಲ್ಲಿ ಅನ್ನ ಅನ್ನವೇ. ಶೀಟು ಹೊದಿಸಿದ ಕೋಣೆಯಿಂದ ಬಂದ ಅನ್ನ ಮಾತ್ರ ಬೇರೆ ಏನೋ ಆಗಿಬಿಡುತ್ತದೆ. ಕೊಟ್ಟದ್ದನ್ನು ನೋಡದೆ ಕೊಟ್ಟವರು ಯಾರೆಂದು ನೋಡಿ ತೀರ್ಪು ಕೊಡುವುದಕ್ಕೆ ಅನುಮಾನ ಎನ್ನುವುದಿಲ್ಲ, ಪಕ್ಷಪಾತ ಎನ್ನುತ್ತಾರೆ.

ಆ ಪಕ್ಷಪಾತ ಕಾನೂನಾದ ದಿನವನ್ನು ಈ ಜಿಲ್ಲೆಯವರು ಮರೆಯಬಾರದು. 2021ರ ಡಿಸೆಂಬರ್ 23. ಮಳೆ ನಮ್ಮ ಮನೆಗಳನ್ನು ಕೆಡವಿ ಇನ್ನೂ ಐದು ವಾರ ಆಗಿರಲಿಲ್ಲ. ಮತಾಂತರ ನಿಷೇಧ ಮಸೂದೆಗೆ ಬೆಳಗಾವಿಯಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಅದೇ ದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದಲ್ಲಿ, 160 ವರ್ಷ ಹಳೆಯ ಸಂತ ಜೋಸೆಫರ ಚರ್ಚಿನಲ್ಲಿ, ಸಂತ ಅಂತೋಣಿಯವರ ಪ್ರತಿಮೆ ಒಡೆದದ್ದು ಬೆಳಕಿಗೆ ಬಂತು. ಮಸೂದೆ 2022ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂತು. ಉಡುಗೊರೆ, ಹಣ, ವಸ್ತು ರೂಪದ ಲಾಭ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ ಎಲ್ಲವೂ ಅದರ ವ್ಯಾಖ್ಯಾನದಲ್ಲಿ ಆಮಿಷ. ಮತಾಂತರಗೊಂಡವರು ಪರಿಶಿಷ್ಟರೋ ಹೆಂಗಸರೋ ಆಗಿದ್ದರೆ ಶಿಕ್ಷೆ ಹತ್ತು ವರ್ಷದವರೆಗೆ. ಬಂಧುವಷ್ಟೇ ಅಲ್ಲ, ಜೊತೆಯಲ್ಲಿ ಕೆಲಸ ಮಾಡುವವನೂ ದೂರು ಕೊಡಬಹುದು. ತಪ್ಪು ಮಾಡಿಲ್ಲ ಎಂದು ಸಾಬೀತು ಮಾಡುವ ಹೊರೆ ಆಪಾದನೆ ಹೊತ್ತವನ ಮೇಲೆ. ನೆರವು ಕೊಡುವುದೇ ಅಪರಾಧ ಎಂದು ಕಾನೂನು ಹೇಳುವುದಿಲ್ಲ, ಇದು ಸರಿ. ಆದರೆ ಹಳ್ಳಿಯ ಒಬ್ಬ ಪಾಸ್ಟರಿನ ಜಾಗದಲ್ಲಿ ನಿಂತು ಯೋಚಿಸಿ. ನೀವು ಟಾರ್ಪಾಲು ಕೊಟ್ಟ ಮನೆಯ ಹೆಂಗಸು ಮುಂದಿನ ವರ್ಷ ತಾನಾಗಿ ಪ್ರಾರ್ಥನೆಗೆ ಬಂದರೆ ಆ ಟಾರ್ಪಾಲು ಸಾಕ್ಷ್ಯವಾಗುತ್ತದೆ. ಹಾಗಿದ್ದಾಗ ಮುಂದಿನ ಮಳೆಗೆ ಆ ಪಾಸ್ಟರು ಯಾರ ಬಾಗಿಲು ತಟ್ಟಿಯಾನು? 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಮಾಡಿತು. ತೀರ್ಮಾನದಿಂದ ಕಾನೂನು ಹೋದೀತು, ಊರ ಬಾಯಿಗೆ ಅದು ಕೊಟ್ಟ ಧೈರ್ಯ ಅಷ್ಟು ಬೇಗ ಹೋಗುವುದಿಲ್ಲ.

ಆ ಕಾಯ್ದೆಗೆ ಆಧಾರವೇನಿತ್ತು? ಹೊಸದುರ್ಗದ ಆಗಿನ ಶಾಸಕರು ತಮ್ಮ ತಾಯಿಯೇ ಮತಾಂತರಗೊಂಡರೆಂದು, ತಾಲ್ಲೂಕಿನಲ್ಲಿ ಸಾವಿರಾರು ಜನರನ್ನು ಮತಾಂತರಿಸಲಾಗಿದೆಯೆಂದು ಸದನದಲ್ಲಿ ಹೇಳಿದ್ದರು. ಅದೇ ತಾಲ್ಲೂಕಿನ ತಹಶೀಲ್ದಾರರು ಹಳ್ಳಿಗಳಿಗೆ ಹೋಗಿ ಮನೆಮನೆ ವಿಚಾರಿಸಿ ಬಲವಂತದ ಮತಾಂತರ ನಡೆದಿಲ್ಲ ಎಂದು ವರದಿ ಕೊಟ್ಟರು. ವರದಿಯ ಬೆನ್ನಿಗೇ ಅವರಿಗೆ ವರ್ಗಾವಣೆಯಾಯಿತು.

‘ನಮ್ಮ ಊರು ನಮ್ಮವರನ್ನು ನೋಡಿಕೊಳ್ಳುತ್ತದೆ, ಅವರಿಗ್ಯಾಕೆ ಉಸಾಬರಿ’ ಎನ್ನುವವರಿಗೆ ಒಂದೇ ಹೆಸರು ನೆನಪಿಸುತ್ತೇನೆ: ಕಂಬಾಲಪಲ್ಲಿ. ಕೆಂಚಾರ್ಲಹಳ್ಳಿ ಪೊಲೀಸ್ ಠಾಣೆಯ ಸರಹದ್ದಿನ ಊರು. 2000ನೇ ಇಸವಿಯ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. 2006ರಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಊರು ಎನ್ನುವುದು ಎಲ್ಲರನ್ನೂ ಒಂದೇ ರೀತಿ ನೋಡಿಕೊಂಡದ್ದು ಯಾವಾಗ? ಮಳೆಯ ರಾತ್ರಿ ಕಾಲೊನಿಯ ಗೋಡೆ ಬಿದ್ದರೆ ಯಾವ ಜಗಲಿ ಅವರಿಗೆ ತೆರೆಯುತ್ತದೆ, ಯಾವ ದೇವಸ್ಥಾನದ ಪ್ರಾಂಗಣದಲ್ಲಿ ಅವರ ಮಕ್ಕಳು ಮಲಗಬಹುದು ಎನ್ನುವುದು ನಮ್ಮೆಲ್ಲರಿಗೂ ಗೊತ್ತು. ಊರೊಳಗೆ ಜಾಗವಿಲ್ಲದವರು ತಮಗೊಂದು ಕೋಣೆ ಮಾಡಿಕೊಂಡು ಒಬ್ಬರನ್ನೊಬ್ಬರು ಹಿಡಿದುಕೊಂಡರೆ ಆ ಕೋಣೆಯ ಮೇಲೆ ನಿಗಾ ಇಡಬೇಕಂತೆ.

ಇನ್ನೊಂದು ದಿಕ್ಕಿನಿಂದ ಪ್ರಗತಿಪರ ಮಿತ್ರರು ಬರುತ್ತಾರೆ. ಪರಿಹಾರ ಪ್ರಜೆಯ ಹಕ್ಕು, ದಾನಕ್ಕೆ ಒಗ್ಗಿಸಿದರೆ ಹಕ್ಕು ಸಾಯುತ್ತದೆ ಎನ್ನುತ್ತಾರೆ. ಪರಿಹಾರ ಹಕ್ಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೇರಳದ ತೀರದಲ್ಲಿ ಕಾಣೆಯಾದವರ ಪಟ್ಟಿ ಹಿಡಿದು ಸರ್ಕಾರವನ್ನು ತಡವಿದವರು, ವಿದ್ಯುತ್ ಕಂಪನಿಗೆ ಐನೂರು ಹೆಸರು ಕೊಟ್ಟವರು ಒಬ್ಬರಿಗೊಬ್ಬರು ಅನ್ನ ಹಂಚಿಕೊಂಡವರೇ. ಹಸಿದು ಒಂಟಿಯಾಗಿ ಕೂತವನು ತಾಲ್ಲೂಕು ಕಚೇರಿಯವರೆಗೆ ನಡೆಯಲಾರ.

ನೆರವಿಗೆ ಪ್ರಾರ್ಥನೆಯನ್ನು ಬೆಲೆಯಾಗಿ ಕೇಳುವವರು ಎಲ್ಲೋ ಇರಬಹುದು. ಕೇಳಿದರೆ ಅದು ತಪ್ಪು, ಯಾವ ಧರ್ಮದವರು ಕೇಳಿದರೂ ತಪ್ಪು. ಆ ಗೆರೆಯನ್ನು ಚರ್ಚುಗಳೇ ಎಂದೋ ಎಳೆದುಕೊಂಡಿವೆ. 1994ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸಿನ ಜೊತೆ ಕೂತು ವಿಕೋಪ ಪರಿಹಾರದ ನೀತಿಸಂಹಿತೆ ಸಿದ್ಧಪಡಿಸಿದವರಲ್ಲಿ ಕ್ಯಾಥೊಲಿಕರ ಕಾರಿತಾಸ್, ಲುಥೆರನ್ ವಿಶ್ವ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ ಇದ್ದವು. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸುವುದಿಲ್ಲ ಎನ್ನುವುದು ಅದರ ಮೂರನೆಯ ಅಂಶ. ಅದನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಸಭೆಯ, ಪ್ರತಿ ಮಸೀದಿಯ, ಪ್ರತಿ ಮಠದ ಗೋಡೆಗೆ ಅಂಟಿಸಲಿ, ಮುರಿದವರನ್ನು ಹೆಸರು ಹಿಡಿದು ಕೇಳೋಣ. ಆದರೆ ಪೊಲೀಸರ ದಫ್ತರಿನಲ್ಲಿ ಅನ್ನ ಕೊಟ್ಟವರ ಹೆಸರು ಇರಬೇಕಾಗಿಲ್ಲ.

ಆ ಹೆಸರುಗಳು ಇರಬೇಕಾದ ಜಾಗ ಬೇರೆ. ಜಿಲ್ಲೆಗೊಂದು ವಿಕೋಪ ನಿರ್ವಹಣಾ ಯೋಜನೆ ಇರಲೇಬೇಕೆಂದು 2005ರ ಕಾಯ್ದೆ ಹೇಳುತ್ತದೆ. ಆ ಯೋಜನೆಯಲ್ಲಿ ಶಾಲೆಗಳ, ಜೆಸಿಬಿಗಳ, ಈಜು ಬಲ್ಲವರ ಪಟ್ಟಿ ಇರುತ್ತದೆ. ಪ್ರತಿ ವಾರ ಒಂದೆಡೆ ಸೇರುವ ಜನರ ಪಟ್ಟಿಯೂ ಅದರ ಪಕ್ಕದಲ್ಲಿ ಬರಲಿ: ಸಭೆಗಳು, ಜಮಾತ್‌ಗಳು, ಭಜನೆ ಮಂಡಳಿಗಳು, ಹಾಲಿನ ಡೇರಿಗಳು, ಹೆಂಗಸರ ಸ್ವಸಹಾಯ ಸಂಘಗಳು. ಯಾರ ಮನೆಯ ಗೋಡೆ ಮಣ್ಣಿನದು, ಯಾರ ಮನೆಯಲ್ಲಿ ಎದ್ದು ನಡೆಯಲಾಗದ ಮುದುಕಿ ಇದ್ದಾಳೆ ಎಂದು ಅವರನ್ನು ಮಳೆಗಾಲಕ್ಕೆ ಮೊದಲೇ ಕೇಳಿಟ್ಟುಕೊಳ್ಳಲಿ. ಮಹಜರಿಗೆ ಹೋಗುವ ದಿನ ಗ್ರಾಮ ಆಡಳಿತ ಅಧಿಕಾರಿಗಳು ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಳ್ಳಲಿ, ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆದಾರನನ್ನು ಅವರು ತೋರಿಸುತ್ತಾರೆ. ಮುಂದಿನ ಹಿಂಗಾರು ಮಳೆ ಹಿಡಿಯುವ ಮೊದಲು ಚಿಂತಾಮಣಿ ತಾಲ್ಲೂಕು ಆಡಳಿತ ಕೆಂಚಾರ್ಲಹಳ್ಳಿಯಲ್ಲಿ ಇಂಥ ಒಂದು ಪೂರ್ವಸಿದ್ಧತಾ ಸಭೆ ಕರೆಯಲಿ, ಡೇರಿ ಕಾರ್ಯದರ್ಶಿಯನ್ನೂ ಭಜನೆ ಮಂಡಳಿಯ ಹಿರಿಯರನ್ನೂ ಕೂರಿಸುವ ಸಾಲಿನಲ್ಲೇ ಸಭೆಯ ಪಾಸ್ಟರನ್ನೂ ಕರೆದು ಕೂರಿಸಲಿ.